ಪುಟಕ್ಕೆ ಎಂಬತ್ತು ರೂಪಾಯಿ

ವಿದ್ಯಾನಗರದಲ್ಲಿ, ಕೋರ್ಟಿನ ಎದುರು,
ಜೆರಾಕ್ಸ್ ಅಂಗಡಿಯ ಅರ್ಧ ಬೆಂಚು ನನ್ನ ಆಫೀಸು.
ಕನ್ನಡದಿಂದ ಮಲಯಾಳಕ್ಕೆ ಪುಟಕ್ಕೆ ಎಂಬತ್ತು.
ಸೀತಾಂಗೋಳಿಯ ಜಲಜಾಕ್ಷಿ ಬಂದದ್ದು ಮಂಗಳವಾರ.
ಯೋಚಿಸಿದ್ದು ತುಳುವಿನಲ್ಲಿ, ಬರೆಸಿದ್ದು ಕನ್ನಡದಲ್ಲಿ,
ಆಯೋಗಕ್ಕೆ ಬೇಕಾದದ್ದು ಇನ್ನೊಂದರಲ್ಲಿ.
"ವಾಂತಿ ಮಾಡಲು ಇದ್ಯಾವುದೂ ಬೇಕಿರಲಿಲ್ಲ" ಅಂದಳು.

'ಹಳಸಿದ ಕೋಳಿ ಸಾರು' ಎಂದಿತ್ತು ಮೊದಲ ಸಾಲು.
'ಪಳಕಿಯ' ಎಂದು ಬರೆದೆ.
ಬರೆದ ಮೇಲೆ ಕಿವಿಗೆ ಕನ್ನಡವೇ ಕೇಳಿತು: ಪಳಗಿದ.
ಪಳಗಿದ ಕೋಳಿ. ಪಳಗಿದ ಸಾರು.
ಕರೆದಲ್ಲಿಗೆ ಬರುವ, ಹೇಳಿದಲ್ಲಿ ಕೂರುವ ಸಾರು
ನಾಲ್ಕು ಜನರನ್ನು ಡ್ರಿಪ್ಪಿಗೆ ಹಾಕಿತು ಎಂದರೆ
ಯಾರು ನಂಬುತ್ತಾರೆ?

ಹೋಟೆಲಿನವರ ತಕರಾರು ಮೂರು ಪುಟ.
ಬಿಲ್ಲು ಎಲ್ಲಿ?
ಉಳಿದ ಸಾರನ್ನು ಪರೀಕ್ಷೆಗೆ ಕೊಟ್ಟಿದ್ದಾರೆಯೇ?
ಬೆಳಿಗ್ಗೆ ಏನು ತಿಂದರು, ಮಧ್ಯಾಹ್ನ ಏನು,
ಬಾವಿಯ ನೀರು ಕುದಿಸುತ್ತಾರೆಯೇ,
ಮನೆಯ ಒಣಮೀನು ಎಷ್ಟು ದಿನದ್ದು?

ಅವಳು ಬೆರಳು ಮಡಚಿದಳು:
"ಗಂಜಿ. ಮಾವಿನ ಉಪ್ಪಿನಕಾಯಿ. ಹನ್ನೆರಡೂವರೆಗೆ ಬಸಳೆ.
ಕಲ್ಲುಕೋರೆಯಲ್ಲಿ ಇವರೊಂದು ಚಾ ಕುಡಿದದ್ದು,
ಅದನ್ನೂ ಬರೆಯಬೇಕಾ?"
ಬರೆದೆ. ಒಂದೂವರೆ ಸಾಲಾಯಿತು.

"ಪಾತ್ರೆಯೋ? ರಾತ್ರಿಯೇ ತೊಳೆದೆ.
ಮೂರು ಸಲ ವಾಂತಿಯಾಗಿತ್ತು, ಐತಪ್ಪ ಜಗಲಿಯಲ್ಲಿ ಬಿದ್ದಿದ್ದರು.
ಆಂಬುಲೆನ್ಸಿನವರು ಬಂದು
ಎಂಜಲು ಪಾತ್ರೆ ಕಾಣುವುದು ಹೇಗೆ ಹೇಳಿ?
ಬೂದಿ ಹಾಕಿ ತಿಕ್ಕಿ, ಕವುಚಿ ಹಾಕಿಯೇ ಹೋದೆ."
ಸಾಕ್ಷ್ಯ ನಾಶ ಎಂಬುದಕ್ಕೆ ಮಲಯಾಳದಲ್ಲಿ ಮಾತಿದೆ.
ನಾನದನ್ನು ಬಳಸಲಿಲ್ಲ.

ಆಗ ಕಣ್ಣಿಗೆ ಬಿತ್ತು ಅವಳು ಕಾಗದ ಸುತ್ತಿ ತಂದ ಚೀಲ:
ಕೆಂಪು ಹುಂಜ, ಕೆಳಗೆ ಹೋಟೆಲಿನ ಹೆಸರು, ಫೋನ್ ನಂಬರು.
ಆಸ್ಪತ್ರೆಯ ಚೀಟಿ, ರೇಷನ್ ಕಾರ್ಡು
ಎರಡು ತಿಂಗಳಿಂದ ಅದರೊಳಗೇ ಬೆಚ್ಚಗಿದ್ದವು.
"ಗಟ್ಟಿ ಚೀಲ. ಬಿಸಾಡಲು ಮನಸ್ಸು ಬರಲಿಲ್ಲ."

ವಕೀಲರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.
"ಹೋದದ್ದಕ್ಕೆ ಇದು ಸಾಕ್ಷಿ. ಯಾವತ್ತು ಎಂಬುದು ಇದರಲ್ಲಿಲ್ಲ."
ಮತ್ತೆ, ಕನ್ನಡಕ ಒರೆಸುತ್ತ,
"ಮನೆಯಲ್ಲಿ ಉಣ್ಣದವರು ಯಾರಾದರೂ?"

ಜಲಜಾಕ್ಷಿ ಬೆಂಚಿನ ತುದಿ ಉಗುರಿನಿಂದ ಕೆರೆದಳು.
ದಿವಿಜ, ಎಂಟು ವರ್ಷ.
ಕಾಲಿನ ತುಂಡು ಚಿಕ್ಕಪ್ಪನ ಬಟ್ಟಲಿಗೆ ಹೋಯಿತೆಂದು
ತನ್ನ ಬಟ್ಟಲು ದೂಡಿ ಎದ್ದಿದ್ದಳು.
"ಎರಡು ಬಾರಿಸಿದೆ. ಅಪ್ಪ ಬಿಸಿಲಲ್ಲಿ ಕಲ್ಲು ಕಡಿದ ದುಡ್ಡು ಅಂತ
ಇನ್ನೆರಡು. ಹಸಿದೇ ಮಲಗಿದಳು.
ಗಂಜಿ, ಬಸಳೆ, ಬಾವಿಯ ನೀರು ನಮ್ಮದೇ ಅವಳಿಗೂ.
ಎರಡು ಗಂಟೆಗೆ ನೆಟ್ಟಗೆ ನಿಂತಿದ್ದವಳು ಅವಳೊಬ್ಬಳು.
ಓಡಿಹೋಗಿ ಬೀಫಾತಿಮರ ಬಾಗಿಲು ತಟ್ಟಿದವಳೂ ಅವಳೇ."

"ಬರೆಯಿರಿ" ಅಂದರು ವಕೀಲರು, "ಪೆಟ್ಟು ಸಮೇತ.
ಪೆಟ್ಟು ಬಿದ್ದ ದಿನವನ್ನು ಮಕ್ಕಳು ತಪ್ಪಿ ಹೇಳುವುದಿಲ್ಲ."

ಎಂಟನೆಯ ಪ್ಯಾರಾ.
ಸದರಿ ಮಗುವು ಸದರಿ ಆಹಾರವನ್ನು ಸೇವಿಸಿರುವುದಿಲ್ಲ.
"ಬಾರಿಸಿದ್ದಕ್ಕೆ ಸ್ವಲ್ಪ ಮೆತ್ತಗಿನ ಪದ ಉಂಟಾ?"
ಉಂಟು. ಹಾಕಿದೆ.
ವಕೀಲರು ಅದನ್ನು ಹೊಡೆದು
'ಅಡಿಚ್ಚು' ಎಂದು ತಮ್ಮ ಕೈಯಾರೆ ಬರೆದರು.

ವಾಯಿದೆ ಹದಿನೇಳಕ್ಕೆ. ಮಗು ಬರಬೇಕು.
"ಈಗ ಅವಳು ಬಟ್ಟಲು ದೂಡಿದರೆ
ಯಾರೂ ಬಯ್ಯುವುದಿಲ್ಲ.
ಎಲ್ಲರೂ ಕೈ ನಿಲ್ಲಿಸಿ
ಅವರವರ ಅನ್ನ ಮೂಸಿ ನೋಡುತ್ತೇವೆ."

ಐದು ಪುಟ, ನಾನೂರು. ಮುನ್ನೂರು ಕೊಟ್ಟಳು, ಉಳಿದದ್ದು ಶನಿವಾರಕ್ಕೆ.
ಚೀಲಕ್ಕೆ ಎ-ಐದು ಎಂದು ಗುರುತು ಬಿದ್ದು ಫೈಲು ಸೇರಿತ್ತು.
ಹೊರಗೆ ಹನಿ ಶುರುವಾಗಿತ್ತು.
"ಒಂದು ಹಳೇ ಕವರ್ ಇದ್ದರೆ ಕೊಡಿ,
ರೇಷನ್ ಕಾರ್ಡು..." ಅಂದಳು.